ಕುರ್ಚಿಯ ಮೇಲೆ ಕಂಬಳಿ

ಫೋನನ್ನು ಬೋರಲು ಹಾಕಿದ ಮೇಲೂ ಅದು ತನ್ನನ್ನೇ ನೋಡುತ್ತಿದೆ ಎನ್ನಿಸಿ ಜೂಕಿಸ್ವಾ ಮಗಾಡ್ಲಾ ಅದರ ಮೇಲೊಂದು ಕಡತ ಮುಚ್ಚಿದಳು. ಕಡತದ ಕೆಳಗಿಂದಲೂ ಅದು ನೋಡುತ್ತಿತ್ತು. ಆಚೆ ಕೋಣೆಯಲ್ಲಿ ಅವಳ ಕಾರ್ಯದರ್ಶಿ ಮಿಸೆಸ್ ಫೆಬ್ರುವರಿ ಚಹಾದ ಬಟ್ಟಲು ಒರೆಸುತ್ತ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು. ಆಕೆ ತನ್ನಷ್ಟಕ್ಕೆ ಮಾತಾಡಿಕೊಂಡರೆ ಇಡೀ ಮಹಡಿಗೆ ಕೇಳಬೇಕು, ಅದು ಮೊದಲಿನಿಂದ ಬಂದ ವಾಡಿಕೆ. "ಪ್ರಿಟೋರಿಯಾದವರು ಬರ್ತಾರಂತೆ, ಪರಿಶೀಲನೆ ಮಾಡ್ತಾರಂತೆ. ಬರ್ಲಿ. ಬಿಸ್ಕತ್ತು ಮೆಲ್ಕೊಂಡು ಅದೇನು ಪರಿಶೀಲನೆ ಮಾಡ್ತಾರೋ ನಾನೂ ಕಂಡಿದೀನಿ. ಪ್ರೊಫ್! ಆ ನೀಲಿ ಕೋಟೇ ಇರ್ಲಿ, ಕಂದು ಬಣ್ಣದ್ದು ಹಾಕಿದ್ರೆ ನೀವು ಮಣ್ಣಿಗೆ ಹೊರಟವರ ಹಾಗೆ ಕಾಣ್ತೀರಿ." ಬೇರೆ ದಿನವಾಗಿದ್ದರೆ ಜೂಕಿಸ್ವಾ ಕೂತಲ್ಲಿಂದಲೇ ಒಂದು ಮಾತು ತಿರುಗಿಸಿ ಎಸೆಯುತ್ತಿದ್ದಳು. ಇವತ್ತು ಮಣ್ಣು ಎಂಬ ಮಾತು ಬಾಗಿಲು ದಾಟಿ ಒಳಬಂದು ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟಿತು. ಕಿಟಕಿಯಾಚೆ, ಅಂಗಳದ ಗೋಡೆಯ ಮೇಲೆ, ವಿದ್ಯಾರ್ಥಿಗಳು ಬಣ್ಣದಲ್ಲಿ ಬರೆದಿದ್ದ ಮಾತು ಬಿಸಿಲಿಗೆ ಹೊಳೆಯುತ್ತಿತ್ತು: ಎಲ್ಲರಿಗೂ ಜಾಗ. ಅವಳು ಡೀನ್ ಆದ ವರ್ಷ ಬರೆಸಿದ್ದು ಅದು. ಆ ಗೋಡೆ ನೋಡಿದಾಗಲೆಲ್ಲ ಬೆನ್ನು ನೆಟ್ಟಗಾಗುತ್ತಿದ್ದದ್ದು ಈಗ ಆಗಲಿಲ್ಲ.

ಬೆಳಗಿನ ಮಂಜು ಇನ್ನೂ ಸರಿಯದ ಹೊತ್ತಿನಲ್ಲಿ, ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿರುವಾಗಲೇ ಬಂದಿತ್ತು ಆ ಕರೆ. "ಪ್ರೊಫ್, ನಾನು ಸನೆಲೆ. ಗುಮೆಡೆ. ಗಣಿತದ..." ಪಿಸುಮಾತು. ಈ ಸನೆಲೆ ಗುಮೆಡೆ ಕಡೆಯ ವರ್ಷದವನು, ಡರ್ಬನ್ ಕಡೆಯ ಜೂಲು ಹುಡುಗ, ಪಿಸುಮಾತಿನವನೇ ಅಲ್ಲ. ಊಟದ ಸಾಲಿನಲ್ಲಿ ಇವನು ಹಿಂದೆಲ್ಲೋ ನಿಂತರೆ ಮುಂದಿನವರು ನಗುತ್ತಿದ್ದರು. ಮೂರು ವಾರದಿಂದ ಗುಡ್ಡಗಾಡಿನ ಒಂದು ಪ್ರೌಢಶಾಲೆಯಲ್ಲಿ ಅಭ್ಯಾಸ ಪಾಠ ಮಾಡುತ್ತಿದ್ದ. "ನಿನ್ನೆ ಹನ್ನೆರಡನೇ ತರಗತಿಗೆ ಹೋದೆ ಪ್ರೊಫ್. ನನ್ನ ಕುರ್ಚಿ ಮೇಲೆ ಒಂದು ಕಂಬಳಿ ಮಡಿಸಿ ಇಟ್ಟಿದ್ರು. ಬಿಳೀದು. ಅಂಚಿಗೆ ಕೆಂಪು ಪಟ್ಟಿ." ಬ್ರಷ್ಷಿನ ನೊರೆ ಅವಳ ಗಂಟಲಿಗಿಳಿಯಿತು. ಅವಳಿಗೆ ಗೊತ್ತು. ಆ ಗುಡ್ಡಗಳ ಮಗಳು ಅವಳು. ಅಲ್ಲಿಯ ಹುಡುಗ ಗುಡ್ಡಕ್ಕೆ ಹೋಗಬೇಕು, ಹುಲ್ಲಿನ ಗುಡಿಸಲಲ್ಲಿ ಇರಬೇಕು, ಸುನ್ನತಿಯ ಚಾಕುವಿಗೆ ಮೈಯೊಡ್ಡಿ ಉಸಿರೆತ್ತದೆ ಇರಬೇಕು, ಆಮೇಲೆ ಆ ಕಂಬಳಿ ಹೊದ್ದು ಇಳಿದು ಬಂದರೆ ಗಂಡಸು. ಹೋಗದವನು ತಲೆ ನರೆತರೂ ಹುಡುಗನೇ. ಗಂಡಸರ ನಡುವೆ ಕೂರುವ ಹಾಗಿಲ್ಲ, ಗಂಡಸಿಗೆ ಒಂದು ಕೆಲಸ ಹೇಳುವ ಹಾಗಿಲ್ಲ. ಸನೆಲೆಯ ಜನ ಆ ಪದ್ಧತಿ ಬಿಟ್ಟು ಎಷ್ಟೋ ತಲೆಮಾರಾಯಿತು. ಕುರ್ಚಿಯ ಮೇಲಿನ ಕಂಬಳಿ ಅಂದರೆ: ನೀನಾಗಿ ಬರದಿದ್ದರೆ ನಾವೇ ಎಳೆದುಕೊಂಡು ಹೋಗುತ್ತೇವೆ. ಎಳೆದುಕೊಂಡು ಹೋದದ್ದನ್ನು ಅವಳು ಕೇಳಿದ್ದಳು. ಇಷ್ಟೆಲ್ಲ ಗೊತ್ತಿದ್ದೂ ಅವಳ ಬಾಯಿಂದ ಬಂದ ಮಾತು, "ಯಾರೋ ಮರೆತು ಬಿಟ್ಟು ಹೋಗಿರ್ಬೇಕು ಸನೆಲೆ." "ಹೌದಾ ಪ್ರೊಫ್?" ಎಂದ, ಬಹಳ ಮರ್ಯಾದೆಯಿಂದ, ಸುಳ್ಳು ಹೇಳಿದ ದೊಡ್ಡವರ ಮಾನ ಕಾಯುವ ಮಕ್ಕಳು ಅನ್ನುವ ಹಾಗೆ.

ಹೆಂಗಸಿಗೆ ಇದು ಗೊತ್ತಿರಬಾರದು. ಗೊತ್ತಿದ್ದರೂ ಗೊತ್ತಿಲ್ಲದವಳ ಹಾಗೆ ಇರಬೇಕು, ಅದೇ ಹೆಣ್ಣುತನದ ಮೊದಲ ಪಾಠ. ಅಣ್ಣ ಲುಂಗಾ ಗುಡ್ಡಕ್ಕೆ ಹೋದ ಚಳಿಗಾಲ ಅವಳು ಇನ್ನೂ ಲಂಗದ ಹುಡುಗಿ. ಅವ್ವ ದಿನವೂ ನುಚ್ಚು ಬೇಯಿಸಿ ನೀಲಿ ಅಂಚಿನ ತಟ್ಟೆಯಲ್ಲಿ ಹಾಕಿ ಕೊಡುತ್ತಿದ್ದಳು, ಚಿಕ್ಕಪ್ಪ ಒಯ್ಯುತ್ತಿದ್ದ, ತಟ್ಟೆ ಒಣಗಿದ ಅಗುಳಿನೊಡನೆ ಮರಳುತ್ತಿತ್ತು, ಅವ್ವ ಗೊಣಗಿಕೊಂಡು ತಿಕ್ಕುತ್ತಿದ್ದಳು. ಒಂದು ಸಂಜೆ ಚಿಕ್ಕಪ್ಪ ತಟ್ಟೆಯನ್ನು ಗೋಡೆಯ ಮೇಲಿಟ್ಟು ಮಾತಿಲ್ಲದೆ ಹೋದ. ತಟ್ಟೆ ಫಳಫಳ ಹೊಳೆಯುತ್ತಿತ್ತು. ತೊಳೆದಿತ್ತು. ಗಂಡಸರು ತಟ್ಟೆ ತೊಳೆಯುವುದುಂಟೆ? ಅವ್ವ ಅದನ್ನು ನೋಡಿದವಳೇ ಅಂಗಳದಲ್ಲೇ ಕುಸಿದು ಕೂತಳು, ಆದರೆ ಬಾಯಿಗೆ ಶಾಲಿನ ಅಂಚು ತುರುಕಿಕೊಂಡಳು, ಯಾಕೆಂದರೆ ಅವಳಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ, ಹೇಳದೆ ಇದ್ದದ್ದಕ್ಕೆ ಅಳುವ ಹಾಗಿರಲಿಲ್ಲ. "ಏನಾಯ್ತವ್ವಾ?" ಎಂದರೆ "ಏನಿಲ್ಲ, ಒಳಗೆ ಹೋಗು," ಎಂದಳು. ಲುಂಗಾ ಗುಡ್ಡದಿಂದ ಇಳಿದು ಬರಲೇ ಇಲ್ಲ. ಆ ಏನಿಲ್ಲ ಎಂಬುದನ್ನೇ ಗಂಟು ಕಟ್ಟಿಕೊಂಡು ಜೂಕಿಸ್ವಾ ಓದಿದಳು, ಪರದೇಶ ಕಂಡಳು, ಸಮಾನತೆಯ ಮೇಲೆ ಪುಸ್ತಕ ಬರೆದಳು, ಡೀನ್ ಆದಳು. ಎಲ್ಲದರ ಮೇಲೂ ಬರೆದಳು. ಇದೊಂದರ ಮೇಲೆ ಒಂದು ಸಾಲು ಬರೆಯಲಿಲ್ಲ.

ಯಾವ ವಿದ್ಯಾರ್ಥಿಗೆ ಯಾವ ಊರು ಎಂದು ಹಂಚುವ ಸಭೆ ನಡೆದದ್ದೂ ಇದೇ ಕೋಣೆಯಲ್ಲಿ, ಇದೇ ಮೇಜಿನ ಸುತ್ತ. ಅಭ್ಯಾಸ ಪಾಠಕ್ಕೆ ಯಾರೂ ತಮ್ಮವರ ನಡುವೆಯೇ ಹೋಗಕೂಡದು ಎಂಬುದು ಅವಳು ತಂದ ಕಟ್ಟಳೆ. ಬಿಳಿಯರ ಮಕ್ಕಳು ಗುಡ್ಡಗಾಡಿಗೆ, ಗುಡ್ಡಗಾಡಿನವರು ಪಟ್ಟಣದ ಹಳೆಯ ಬಿಳಿ ಶಾಲೆಗಳಿಗೆ, ಡರ್ಬನ್‌ನವರು ಇಲ್ಲಿಗೆ, ಇಲ್ಲಿಯವರು ಅಲ್ಲಿಗೆ. ದೇಶವೆಲ್ಲ ಅದನ್ನು ಮೆಚ್ಚಿ ಮಾತಾಡಿತ್ತು. ಇವತ್ತು ಪ್ರಿಟೋರಿಯಾದವರು ಬರುತ್ತಿದ್ದದ್ದೂ ಅದನ್ನೇ ನೋಡಲು. ಅಭ್ಯಾಸ ಪಾಠದ ಉಸ್ತುವಾರಿಯ ಡಾಕ್ಟರ್ ತೆಂಬಿಲೆ ಗ್ವಾಡಿಸೊ ಹೆಸರುಗಳನ್ನು ಓದುತ್ತಿದ್ದ. ಸನೆಲೆಯ ಹೆಸರಿನ ಪಕ್ಕ ಆ ಊರಿನ ಹೆಸರು ಬಂದಾಗ ನಿಲ್ಲಿಸಿದ. ಕನ್ನಡಕ ತೆಗೆದು ಒರೆಸಿದ. ಕಿಟಕಿಯ ಕಡೆ ನೋಡಿ, "ಈ ಊರು... ಈ ಹುಡುಗನಿಗೆ... ಚಳಿ ಜಾಸ್ತಿ ಅಂತ," ಎಂದ. ಅವಳಿಗೆ ತಟಕ್ಕನೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಾಣದಂತೆ ಅವಳು ನೀರು ಕುಡಿದಳು. ಅವನೊಬ್ಬ ಗಂಡಸು, ಹೆಂಗಸಿನೆದುರು ಆ ಮಾತೆತ್ತಲಾರ. ಅವಳೊಬ್ಬಳು ಹೆಂಗಸು, ಗಂಡಸಿನೆದುರು ತಿಳಿದಿದೆ ಎನ್ನಲಾರಳು. ಅದೂ ಅಲ್ಲದೆ, ಒಬ್ಬನಿಗೆ ಬಗ್ಗಿಸಿದರೆ ಕಟ್ಟಳೆ ಕಟ್ಟಳೆಯಾಗಿ ಉಳಿದೀತೆ? "ಚಳಿಗೆ ಸ್ವೆಟರ್ ಇದೆಯಲ್ಲ ಡಾಕ್ಟರ್," ಎಂದಳು ನಗುತ್ತ. ಎಲ್ಲರೂ ನಕ್ಕರು. ಗ್ವಾಡಿಸೊ ಮುಂದಿನ ಹೆಸರು ಓದಿದ.

ಈಗ ಕಡತದ ಕೆಳಗೆ ಫೋನು ಮತ್ತೆ ಗುಂಯ್ ಎಂದಿತು. ಸಂದೇಶ. *ಪ್ರೊಫ್ ಹೆಡ್‌ಮಿಸ್ಟ್ರೆಸ್ ನನ್ನನ್ನು ಸ್ಟೋರಿನಲ್ಲಿ ಕೂರಿಸಿ ಬೀಗ ಹಾಕಿದಾರೆ. ಒಳ್ಳೇದಕ್ಕೇ ಅಂತಾರೆ. ಹೊರಗೆ ಜನ ಇದಾರೆ.* ಓದಿ ಮುಗಿಯುವ ಮೊದಲೇ ಎದ್ದು ನಿಂತಿದ್ದಳು. ಪೊಲೀಸರಿಗೆ ಹೇಳಬೇಕು. ಹೇಳಿದರೆ ಜೀಪು ಬರುತ್ತದೆ, ಜೀಪಿನಲ್ಲಿ ಇರುವವರೂ ಗುಡ್ಡ ಇಳಿದು ಬಂದವರೇ. ಪತ್ರಿಕೆಯವರಿಗೆ ಹೋಗುತ್ತದೆ. ಕುಲಪತಿಗೆ ಹೋಗುತ್ತದೆ. ಛೆ, ಹುಡುಗನ ಜೀವದ ಮಾತಾಡುವಾಗ ಕುಲಪತಿ ಯಾಕೆ ನೆನಪಾಗಬೇಕು? ನೆನಪಾದದ್ದಕ್ಕೆ ನಾಚಿದಳು, ನಾಚಿಕೊಂಡೇ ಮತ್ತೊಮ್ಮೆ ಕುಲಪತಿಯನ್ನು ನೆನೆದಳು.

"ಫೆಬ್ರುವರಿ, ಬಂದವರನ್ನು ಉಪ ಡೀನ್ ನೋಡ್ಕೊಳ್ಲಿ. ನಾನು ಗ್ವಾಡಿಸೊ ಜೊತೆ ಒಂದು ಕಡೆ ಹೋಗ್ಬೇಕು."

"ಈಗಲಾ? ಅವರು ಗೇಟಿಗೆ ಬಂದ್ರಂತೆ! ಪ್ರೊಫ್, ನಿಮ್ಮ ಮುಖ ನೋಡ್ಕೊಂಡಿದೀರಾ? ಸುಣ್ಣ ಬಳಿದ ಹಾಗಿದೆ. ಏನಾದ್ರೂ ತಿಂದಿದೀರಾ ಬೆಳಿಗ್ಗೆಯಿಂದ?"

"ರಾತ್ರಿ ಊಟಕ್ಕೆ ಬರ್ತೀನಿ ಅಂತ ಹೇಳಿ."

ಕಾರನ್ನು ಅವಳೇ ಓಡಿಸಿದಳು. ಕೈಗೆ ಏನಾದರೂ ಕೆಲಸ ಬೇಕಿತ್ತು. ಪಕ್ಕದಲ್ಲಿ ಗ್ವಾಡಿಸೊ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು, ಯಾರದೋ ಮನೆಗೆ ಹೆಣ್ಣು ಕೇಳಲು ಹೊರಟ ಹಿರಿಯನ ಹಾಗೆ ಕೂತಿದ್ದ. ಪಟ್ಟಣ ಮುಗಿಯಿತು, ಟಾರು ಮುಗಿಯಿತು, ಕೆಂಪು ಮಣ್ಣಿನ ದಾರಿಯ ಎರಡೂ ಕಡೆ ಕತ್ತಾಳೆಗಳು ಮೈಯೆಲ್ಲ ಮುಳ್ಳು ಮಾಡಿಕೊಂಡು ನಿಂತಿದ್ದವು. ಬಹಳ ಹೊತ್ತು ಇಬ್ಬರೂ ರಸ್ತೆಯ ಗುಂಡಿಗಳ ಬಗ್ಗೆ ಮಾತಾಡಿದರು. ಒಂದು ಹಂತದಲ್ಲಿ ಗುಂಡಿಗಳೂ ಮುಗಿದವು.

"ನಿಮಗೆ ಗೊತ್ತಿತ್ತು," ಎಂದಳು.

"ನಿಮಗೂ ಗೊತ್ತಿತ್ತು ಮಾರಡೇಬೆ." ಆಫೀಸಿನಲ್ಲಿ ಪ್ರೊಫೆಸರ್ ಎನ್ನುವವನು ಊರ ಗಡಿ ದಾಟಿದೊಡನೆ ಅವಳನ್ನು ತವರಿನ ಕುಲದ ಹೆಸರು ಹಿಡಿದು, ರಡೇಬೆಯವರ ಮಗಳೇ ಎಂದು ಕರೆದಿದ್ದ. ಅದರಲ್ಲಿ ಗೌರವವಿತ್ತು. ಹೆದರಿಕೆಯೂ ಆಯಿತು, ಡೀನ್ ಎಂಬುದು ಟಾರಿನ ಜೊತೆಗೇ ಹಿಂದೆ ಉಳಿದಿತ್ತು.

"ನಾನು ಹೆಂಗಸು. ನನಗೆ ಗೊತ್ತಿರೋ ಹಾಗಿಲ್ಲ."

"ನೀವು ಹೆಂಗಸು ಅಂತಲೇ ನಾನು ಬಾಯಿ ಬಿಡೋ ಹಾಗಿರ್ಲಿಲ್ಲ. ನೋಡಿ ಮತ್ತೆ, ಇಬ್ಬರೂ ಎಷ್ಟು ಮರ್ಯಾದಸ್ಥರು." ಅವನು ಟೋಪಿಯನ್ನು ಈ ಮಂಡಿಯಿಂದ ಆ ಮಂಡಿಗೆ ದಾಟಿಸಿದ. "ನನ್ನ ಡಾಕ್ಟರೇಟು ಯಾವುದರ ಮೇಲೆ ಗೊತ್ತಲ್ಲ? ತರಗತಿಯಲ್ಲಿ ಸಂಭಾಷಣೆ." ತಾನೊಬ್ಬನೇ ನಕ್ಕ. ನಗು ಅರ್ಧದಲ್ಲಿ ಕೆಮ್ಮಾಯಿತು. "ಅಲ್ಲಿ ನೀವು ಏನೂ ಮಾತಾಡ್ಬೇಡಿ. ನಾನು ಮಾತಾಡ್ತೀನಿ. ತಲೆಗೆ ಬಟ್ಟೆ ತಂದಿದೀರಾ?"

ತಂದಿದ್ದಳು. ಡಿಕ್ಕಿಯಲ್ಲಿ ಯಾವಾಗಲೂ ಒಂದು ತಲೆವಸ್ತ್ರ, ಒಂದು ಶಾಲು ಇರುತ್ತಿತ್ತು, ಸಾವಿನ ಮನೆಗಳಿಗೆಂದು. ದೂರದ ಗುಡ್ಡದ ಮೈಮೇಲೆ ಒಂದೆಳೆ ಹೊಗೆ ಎದ್ದಿತ್ತು. ಯಾರೋ ಕಸ ಸುಡುತ್ತಿರಬಹುದು. ಇನ್ನೊಂದು ತಿರುವಿನಲ್ಲಿ ಇನ್ನೊಂದು ಹೊಗೆ. ರಜೆ ಹತ್ತಿರ ಬಂತು, ಗುಡಿಸಲುಗಳು ಎದ್ದಿರುತ್ತವೆ. ಪ್ರತಿಯೊಂದು ಹೊಗೆಯ ಬುಡದಲ್ಲೂ ಅವಳು ಸನೆಲೆಯನ್ನು ಕೂರಿಸಿ ನೋಡಿದಳು. ಬೇಡವೆಂದರೂ ಕಣ್ಣು ಮುಂದಿನ ಹೊಗೆ ಹುಡುಕುತ್ತಿತ್ತು.

ಶಾಲೆಯ ಗೇಟಿನ ಹತ್ತಿರ ಎಂಟು ಹತ್ತು ಜನ ಯುವಕರು ಗೋಡೆಗೊರಗಿ ಕೂತಿದ್ದರು. ಸಮವಸ್ತ್ರ, ಹೊಳೆಯುವ ಬೂಟು, ತೊಡೆಯ ಮೇಲೆ ಅಡ್ಡವಾಗಿ ಕೋಲು. ಕಾರಿಗೆ ದಾರಿ ಬಿಟ್ಟರು, ನಗಲಿಲ್ಲ, ಬೈಯಲಿಲ್ಲ. ಒಬ್ಬ ಎದ್ದು ಗೇಟು ತೆಗೆದ ಕೂಡ. ಆ ಸೌಜನ್ಯ ಕಂಡು ಅವಳು ಕಾರಿನ ಗಾಜು ಏರಿಸಿದಳು. ಹೆಡ್‌ಮಿಸ್ಟ್ರೆಸ್ ಮಿಸೆಸ್ ಟುಸ್ವಾ ಅವಳ ವಯಸ್ಸಿನವಳೇ, ದಪ್ಪ ಸ್ವೆಟರಿನವಳು, ಬೀಗದ ಕೈಯನ್ನು ಎದೆಯೊಳಗಿಂದ ತೆಗೆದಳು. "ನನ್ನನ್ನು ಏನೂ ಕೇಳ್ಬೇಡಿ ತಾಯಿ. ಗಂಡಸರ ಮಾತು. ನನ್ನ ಕೆಲಸ ಬೀಗ ಹಾಕೋದು, ಹಾಕಿದೀನಿ. ಪಾಪ, ಎಂಥ ಚೆನ್ನಾಗಿ ಲೆಕ್ಕ ಹೇಳ್ಕೊಡ್ತಿದ್ದ ಗೊತ್ತಾ? ನಾನೂ ಕಿಟಕೀಲಿ ನಿಂತು ಕೇಳ್ತಿದ್ದೆ. ನನಗೇ ಅರ್ಥ ಆಗ್ತಿತ್ತು ಅಂದ್ರೆ ನೋಡಿ."

ಸ್ಟೋರಿನಲ್ಲಿ ಮಕ್ಕಳ ಮಧ್ಯಾಹ್ನದ ಊಟದ ಜೋಳದ ನುಚ್ಚು, ಬೀನ್ಸಿನ ಮೂಟೆಗಳು. ಮೂಟೆಯೊಂದರ ಮೇಲೆ ಸನೆಲೆ ಕೂತಿದ್ದ. ಅಂಗಿಗೆ ಇಸ್ತ್ರಿ, ಕೊರಳಿಗೆ ಟೈ, ಪ್ಯಾಂಟಿನ ತುಂಬ ಹಿಟ್ಟಿನ ಧೂಳು. ಎದ್ದು ನಿಂತ. "ಪ್ರೊಫ್, ನೀವೇ ಬಂದ್ರಾ!" ಎಂದು ನಗಲು ಹೋದ, ಆಗದೆ ಬೇಗ ಟೈ ಸರಿಮಾಡಿಕೊಂಡ. "ತ್ರಿಕೋನಮಿತಿ ಅರ್ಧ ಆಗಿತ್ತು. ತಪ್ಪು ನಂದೇ ಪ್ರೊಫ್. ಲ್ವಾಂಡಿಸೊ ಅಂತ ಒಬ್ಬ ಇದಾನೆ, ಗೇಟಿನ ಹತ್ರ ನೋಡಿರ್ತೀರಿ, ಉದ್ದಕ್ಕಿದಾನೆ. ಒಳ್ಳೇ ಹುಡುಗ. ಹುಡುಗ ಅನ್ಬಾರ್ದು ಅಲ್ವಾ? ಒಳ್ಳೇ ಗಂಡಸು. ಬೋರ್ಡು ಒರೆಸಪ್ಪಾ ಅಂದೆ. ಎದ್ದು ನಿಂತು ಕೇಳಿದ, ಸರ್ ನೀವು ಯಾವ ವರ್ಷ ಗುಡ್ಡಕ್ಕೆ ಹೋಗಿದ್ರಿ ಅಂತ. ನಾನು, ನನ್ನ ಈ ಹಾಳು ಬಾಯಿ... ನಮ್ಮ ಕಡೆ ಗುಡ್ಡಕ್ಕೆ ಹೋಗೋದು ಪಿಕ್ನಿಕ್ಕಿಗೆ ಅಂದುಬಿಟ್ಟೆ." ಅವನು ಅವಳ ಮುಖವನ್ನೇ ನೋಡಿದ. "ಯಾರೂ ನಗ್ಲಿಲ್ಲ ಪ್ರೊಫ್. ನಾನು ಹೇಳಿ ಯಾರೂ ನಗದೇ ಇದ್ದದ್ದು ಅದೇ ಮೊದ್ಲು."

ನಿನ್ನೆ ರಾತ್ರಿ ಅವನು ಬಾಡಿಗೆಗಿದ್ದ ಗುಡಿಸಲಿನ ಸುತ್ತ ನಿಂತು ಹಾಡಿದರಂತೆ. ಮೆಲ್ಲಗೆ, ಜೋಗುಳದ ಹಾಗೆ. ಮನೆಯ ಒಡತಿ ಮುದುಕಿ ಹೊಸಿಲಲ್ಲಿ ಕಾಲು ಚಾಚಿ ಕೂತು, ಇಲ್ಲಿ ಯಾರೂ ಇಲ್ಲ, ನಾನೊಬ್ಬಳೇ, ಒಳಗೆ ಬಂದ್ರೆ ಬಟ್ಟೆ ಬಿಚ್ಚಿ ನಿಲ್ತೀನಿ ಎಂದಳಂತೆ. ತಾಯಿಯ ವಯಸ್ಸಿನವಳ ಬೆತ್ತಲೆ ಕಂಡರೆ ಶಾಪ, ಅದಕ್ಕೆ ಹೆದರಿ ಹೋದರು. ಹಗಲು ಮುದುಕಿ ಎಲ್ಲೆಲ್ಲಿ ಅಂತ ಬಟ್ಟೆ ಬಿಚ್ಚಿಯಾಳು?

"ನಾನು ಇವತ್ತು ವಾಪಸ್ ಬರ್ತೀನಿ ಪ್ರೊಫ್, ಇಲ್ಲಿರಲ್ಲ, ನನಗೆ ಜೀವದಾಸೆ ಇದೆ," ಎಂದ. "ಆದ್ರೆ ಒಂದು ಮಾತು ಹೇಳಿ ಅವರಿಗೆ. ನಾನು ಮೇಷ್ಟ್ರು ಅಂತ ಹೇಳಿ. ಅಷ್ಟೇ. ನಾನು ಹೇಳಿದ್ರೆ ಕೇಳಲ್ಲ, ನಿಮ್ಮಂಥವರು ಹೇಳಿದ್ರೆ ಕೇಳ್ತಾರೆ. ಕೇಳದಿದ್ರೂ ಪರವಾಗಿಲ್ಲ, ಹೇಳಿದ್ದು ನನ್ನ ಕಿವಿಗೆ ಬಿದ್ರೆ ಸಾಕು."

"ಹೇಳ್ತೀನಿ," ಎಂದಳು ಜೂಕಿಸ್ವಾ. ಆ ಕ್ಷಣದಲ್ಲಿ ಅದು ಸುಳ್ಳಾಗಿರಲಿಲ್ಲ.

ಹಟ್ಟಿಯ ಯಜಮಾನ ತಾತಾ ಮ್ಬೆಕೆನಿಯ ಮನೆ ಶಾಲೆಯ ಹಿಂದಿನ ದಿಬ್ಬದ ಮೇಲೆ. ಗಂಡಸರು ದನದ ದೊಡ್ಡಿಯೊಳಗೆ ಬಿಸಿಲು ಕಾಯುತ್ತ ಕೂತಿದ್ದರು, ಗೇಟಿನಲ್ಲಿದ್ದ ಯುವಕರೂ ಬಂದು ಅವರ ಹಿಂದೆ ಸೇರಿಕೊಂಡಿದ್ದರು. ಗ್ವಾಡಿಸೊ ಟೋಪಿ ತೆಗೆದು ಒಳಗೆ ಹೋದ. ಹೆಂಗಸು ದೊಡ್ಡಿಗೆ ಕಾಲಿಡುವಂತಿಲ್ಲ. ಜೂಕಿಸ್ವಾ ಮನೆಯ ನೆರಳಿನಲ್ಲಿ ಚಾಪೆಯ ಮೇಲೆ ಕಾಲು ಮಡಿಚಿ ಕೂತಳು, ನೀಲಿ ಕೋಟಿನ ಮೇಲೆ ಸಾವಿನ ಮನೆಯ ಶಾಲು. ಪಕ್ಕದಲ್ಲಿ ಟುಸ್ವಾ, ಆಚೆ ಗೋಡೆಗೊತ್ತಿ ನಿಂತ ಸನೆಲೆ. ಯಜಮಾನನ ಸೊಸೆ ಚಹಾ ತಂದು ಕೊಟ್ಟಳು. ಜೂಕಿಸ್ವಾ ಬಟ್ಟಲನ್ನು ಕುಡಿಯದೆ ನೆಲಕ್ಕಿಟ್ಟಳು. ದೊಡ್ಡಿಯಿಂದ ಮಾತು ಕೇಳಿಸುತ್ತಿತ್ತು, ಅರ್ಥ ಕೇಳಿಸುತ್ತಿರಲಿಲ್ಲ. ಒಮ್ಮೆ ಗಟ್ಟಿಯಾಗಿ ಯಾರೋ ಬೈದರು. ಆಮೇಲೆ ಸುಮ್ಮನಾಯಿತು. ಬೈಗುಳವೇ ವಾಸಿಯಿತ್ತು. ಅವಳಿಗೆ ಮೂತ್ರಕ್ಕೆ ಅವಸರವಾಗಿತ್ತು, ಎದ್ದರೆ ಓಡಿಹೋದಳು ಅಂದುಕೊಂಡಾರೆಂದು ತೊಡೆ ಬಿಗಿದು ಕೂತಳು. ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಳು. ತಾತಾ, ಇವನು ಮೇಷ್ಟ್ರು. ನಾನು ಕಳಿಸಿದ ಮೇಷ್ಟ್ರು. ಅಕ್ಷರ ಕಲಿಸೋನ ಮೈ ಮೇಲಿನ ಗುರುತು ಕೇಳಬಾರದು. ಒಳ್ಳೆಯ ಮಾತು. ನೂರು ಸಭೆಗಳಲ್ಲಿ ಇದಕ್ಕಿಂತ ಕಷ್ಟದ ಮಾತು ಆಡಿದವಳು ಅವಳು.

ಗ್ವಾಡಿಸೊ ಮರಳಿದಾಗ ಮುಖ ಬೂದಿಯಾಗಿತ್ತು. "ನನ್ನ ಮಾತು ನಡೀಲಿಲ್ಲ. ಅವರ ಸಿಟ್ಟು ಅವನ ಮೇಲಲ್ಲ. ಕಳಿಸಿದವರು ಯಾರು, ಅವರ ಬಾಯಿಂದಲೇ ಕೇಳ್ಬೇಕು ಅಂತಾರೆ. ಗೋಡೆಯಾಚೆ ನಿಂತು ಮಾತಾಡಿ. ಮಾರಡೇಬೆ..." ಅವನು ದನಿ ತಗ್ಗಿಸಿದ. "ಆ ಹಿಂದಿನ ಹುಡುಗರು ಹಿರಿಯರ ಕೈಲೂ ಇಲ್ಲ. ನೋಡ್ಕೊಂಡು ಮಾತಾಡಿ."

ದೊಡ್ಡಿಯ ಕಲ್ಲುಗೋಡೆ ಅವಳ ಎದೆಮಟ್ಟಕ್ಕಿತ್ತು. ಒಳಗಿನ ಮುಖಗಳೆಲ್ಲ ಒಮ್ಮೆಗೇ ತಿರುಗಿದವು. ಸಗಣಿಯ ವಾಸನೆ, ಹೊಗೆಸೊಪ್ಪಿನ ವಾಸನೆ, ಚಿಕ್ಕಪ್ಪನ ಕೋಟಿನ ವಾಸನೆ. ಯಜಮಾನ ತೆಳ್ಳಗಿನ ಮುದುಕ, ಕಣ್ಣಲ್ಲಿ ಪೊರೆ, ದನಿ ಮಾತ್ರ ಮೃದು.

"ಮಗಳೇ, ನೀನು ರಡೇಬೆಯವರ ಹುಡುಗಿಯಂತೆ. ಈ ನೆಲದ ನೀರು ಕುಡಿದವಳು. ದೊಡ್ಡ ಓದು ಓದಿದೀಯ, ಸಂತೋಷ. ಪರದೇಶದವರು ತಪ್ಪು ಮಾಡಿದ್ರೆ ತಿಳೀದು ಅಂತ ಬಿಡ್ತೀವಿ. ನೀನು ಹೇಳು. ಈ ಗಂಡಸರಿಗೆ ಪಾಠ ಹೇಳೋಕೆ ನೀನು ಯಾರನ್ನು ಕಳಿಸಿದೆ? ಗಂಡಸನ್ನೋ, ಹುಡುಗನನ್ನೋ?"

ಅವಳು ಬಾಯಿ ತೆರೆದಳು. ಮುದುಕನ ಹಿಂದೆ, ಉದ್ದನೆಯ ಲ್ವಾಂಡಿಸೊ ಹೆಬ್ಬೆರಳಿನ ಉಗುರಿನಿಂದ ತನ್ನ ಕೋಲಿನ ಹಸಿ ತೊಗಟೆ ಸುಲಿಯುತ್ತಿದ್ದ. ನಿಧಾನಕ್ಕೆ, ಬೇಸರ ಕಳೆಯುವವನ ಹಾಗೆ. ತೊಗಟೆಯ ಕೆಳಗೆ ಬೆಳ್ಳಗೆ ಒದ್ದೆಯಾದ ಮರ. ಜೂಕಿಸ್ವಾ ಅದನ್ನು ನೋಡಿದಳು. ನೋಡುತ್ತಿದ್ದ ಹಾಗೇ ಜೋಡಿಸಿಟ್ಟ ಮಾತುಗಳೆಲ್ಲ ಒಂದೊಂದಾಗಿ ಎದ್ದು ಹೋದವು, ಸಭೆ ಮುಗಿದಂತೆ. ಉಳಿದದ್ದು ಅವ್ವನ ದನಿ. ಅದು ಅವಳ ಗಂಟಲಲ್ಲಿ ಇಷ್ಟು ಸಿದ್ಧವಾಗಿ ಕೂತಿತ್ತೆಂದು ಅವಳಿಗೇ ಗೊತ್ತಿರಲಿಲ್ಲ.

"ಹುಡುಗನ್ನ, ತಾತಾ," ಎಂದಳು. "ನನ್ನ ಮಗು ಅದು. ತಿಳೀದೆ ಬಂದುಬಿಟ್ಟಿದೆ. ಗಂಡಸರ ನಡುವೆ ಬಾಯಿ ಮಾಡಿದೆ. ತಾಯಿ ನಾನು, ಕರ್ಕೊಂಡು ಹೋಗೋಕೆ ಬಂದಿದೀನಿ. ನನ್ನ ಮುಖ ನೋಡಿ ಬಿಟ್ಟುಬಿಡಿ."

ಮೊಣಕಾಲು ತಾನಾಗಿ ಮಡಿಯಿತು, ಕೈಗಳು ಜೋಡಿಕೊಂಡವು, ತಲೆ ಬಗ್ಗಿತು. ದೊಡ್ಡಿಯೊಳಗೆ ಏನೋ ಸಡಿಲವಾದದ್ದು ಗಾಳಿಯಲ್ಲೇ ತಿಳಿಯಿತು. ಯಾರೋ ಕೆಮ್ಮಿದರು, ಯಾರೋ ಬೆಂಕಿಕಡ್ಡಿ ಗೀರಿದರು. "ಹಾಗೆ ಹೇಳು ಮತ್ತೆ!" ಎಂದ ಯಜಮಾನ, ಹಲ್ಲಿಲ್ಲದ ಬಾಯಿ ಅಗಲ ಮಾಡಿ. "ಹುಡುಗ ಅಂದ್ಮೇಲೆ ತಪ್ಪು ಮಾಡ್ತಾನೆ. ತಾಯಿ ಬಂದ್ಮೇಲೆ ಮುಗೀತು. ಏನ್ರಪ್ಪಾ, ಮುಗೀತಲ್ಲ?" ಹಿಂದಿನ ಯುವಕರು ಒಬ್ಬೊಬ್ಬರಾಗಿ ಎದ್ದರು. ಲ್ವಾಂಡಿಸೊ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹಾದು ಹೋಗುವಾಗ ಅವಳಿಗೆ ತಲೆಬಾಗಿ "ಮಾಮಾ" ಎಂದ, ತಮ್ಮ ಮಾತಿನಲ್ಲಿ ಅಮ್ಮಾ ಎಂದು. ಎಷ್ಟು ಒಳ್ಳೆಯ ನಡತೆ. ಜೀವ ಉಳಿಯಿತು, ಜೀವ ಉಳಿಯಿತು ಎಂದು ಅವಳ ಎದೆ ಹೊಡೆದುಕೊಳ್ಳುತ್ತಿತ್ತು, ಆ ಖುಷಿಯ ನಡುವೆಯೇ ಅವಳಿಗೆ ನೆನಪಾಯಿತು: ಜೂಲುವಿಗೂ ಇಲ್ಲಿಯ ಮಾತಿಗೂ ಅಂಥ ಅಂತರವಿಲ್ಲ. ಗೋಡೆಗೊತ್ತಿ ನಿಂತವನಿಗೆ ಒಂದಕ್ಷರ ಬಿಡದೆ ಕೇಳಿಸಿರುತ್ತದೆ.

ತಿರುಗಿ ನೋಡುವ ಮೊದಲೇ ಯಜಮಾನ ಕೂಗಿದ. "ಏ ಹುಡುಗಾ! ಬಾ ಇಲ್ಲಿ. ನಿಮ್ಮಮ್ಮ ಬರಿಗೈಲಿ ಹೋಗ್ಬಾರ್ದು. ಸೊಸೆ ಕೋಳಿ ಕಟ್ಟಿ ಕೊಡ್ತಾಳೆ, ಹೊತ್ಕೊಂಡು ಹೋಗು. ಕಾಲು ಗಟ್ಟಿ ಹಿಡ್ಕೋ, ಕುಕ್ಕುತ್ತೆ." ಅದರಲ್ಲಿ ಕೆಟ್ಟ ಮಾತು ಒಂದೂ ಇರಲಿಲ್ಲ, ಮೊಮ್ಮಗನಿಗೆ ಹೇಳುವ ದನಿ. ಸನೆಲೆ ಕದಲಲಿಲ್ಲ. ಟೈ ಕಟ್ಟಿದ, ಹಿಟ್ಟು ಮೆತ್ತಿದ ಸನೆಲೆ ಅವಳ ಕಡೆ ನೋಡಿದ. ಕೇಳುವ ನೋಟವಲ್ಲ ಅದು, ಕಾಯುವ ನೋಟ. ಉತ್ತರ ಗೊತ್ತಿರುವ ಮಗು ಬೋರ್ಡಿನ ಮುಂದೆ ತಡವರಿಸುವಾಗ ಒಳ್ಳೆಯ ಮೇಷ್ಟ್ರು ಹಾಗೆ ಕಾಯುತ್ತಾನೆ. ಈಗಲಾದರೂ ಒಂದು ಮಾತು. ಯುವಕರು ಇನ್ನೂ ದಿಬ್ಬ ಇಳಿದಿರಲಿಲ್ಲ. ಜೂಕಿಸ್ವಾ ಶಾಲು ಬಿಚ್ಚಿ ಮತ್ತೆ ಹೊದ್ದಳು, ಅಂಚು ಸರಿಯಾಗಿ ಕೂತಿದೆಯೇ ಎಂದು ಬಹಳ ಗಮನ ಕೊಟ್ಟು ನೋಡಿದಳು. ಮತ್ತೆ ತಲೆಯೆತ್ತಿದಾಗ ಅವನು ಬಗ್ಗಿ ಕೋಳಿಯನ್ನು ಕಾಲು ಹಿಡಿದು ಎತ್ತಿಕೊಳ್ಳುತ್ತಿದ್ದ.

ಮರಳುವ ದಾರಿಯಲ್ಲಿ ಬಿಸಿಲು ಎದುರಿನಿಂದ ಬೀಳುತ್ತಿತ್ತು. ಗ್ವಾಡಿಸೊಗೆ ನಿರಾಳವಾಗಿತ್ತು, ಮಾತು ನಿಲ್ಲುತ್ತಿರಲಿಲ್ಲ. "ಎಂಥ ಜಾಣತನ ಮಾರಡೇಬೆ! ನನ್ನ ತಲೆಗೆ ಹೊಳೀಲಿಲ್ಲ ನೋಡಿ. ಇನ್ಮುಂದೆ ಈ ಥರದವರನ್ನ ನಾನೇ ಸದ್ದಿಲ್ಲದೆ ಬೇರೆ ಊರಿಗೆ ಹಾಕ್ಬಿಡ್ತೀನಿ. ಯಾರೂ ಏನೂ ಕೇಳೋದು ಬೇಡ, ಬರಿಯೋದು ಬೇಡ. ಏನಪ್ಪಾ ಸನೆಲೆ, ಭಯ ಹೋಯ್ತಾ?"

"ಹೋಯ್ತು ಸರ್," ಎಂದಿತು ಹಿಂದಿನ ಸೀಟು.

ಅವಳ ಭಯ ಹೋಗಿರಲಿಲ್ಲ. ದಿಬ್ಬ, ದೊಡ್ಡಿ, ಕೋಲು ಹಿಂದೆ ಸರಿದಷ್ಟೂ ಅದು ಹತ್ತಿರ ಬರುತ್ತಿತ್ತು. ಏನಾದರೂ ಹೇಳಬೇಕು. ಬೇರೆ ದಾರಿ ಇರಲಿಲ್ಲ ಸನೆಲೆ. ನಿನ್ನ ಜೀವ ಮುಖ್ಯ. ಎರಡೂ ನಿಜ, ಆದ್ದರಿಂದಲೇ ಬಾಯಿಗೆ ಬರಲಿಲ್ಲ. ಅವನು ಬೈದಿದ್ದರೆ, ಅತ್ತಿದ್ದರೆ, ಅದಕ್ಕೊಂದು ಮಾತು ಅವಳ ಹತ್ತಿರ ಇರುತ್ತಿತ್ತು. ಕನ್ನಡಿಯಲ್ಲಿ ಅವನ ಹಣೆಯ ಒಂದು ತುಂಡು, ಕೋಳಿಯ ಕೆಂಪು ಜುಟ್ಟು. ಒಮ್ಮೆ ಕೋಳಿ ರೆಕ್ಕೆ ಬಡಿದಾಗ ಅವನು ಅದರ ಬೆನ್ನು ಸವರಿ ಏ ಏ ಎಂದ. ಟಾರು ಬಂತು. ಜೊತೆಗೇ ಕಾರಿನ ಫೋನು ಬಡಿದುಕೊಂಡಿತು, ಮಿಸೆಸ್ ಫೆಬ್ರುವರಿಯ ದನಿ ಕಾರಿನ ತುಂಬ ತುಂಬಿಕೊಂಡಿತು.

"ಪ್ರೊಫ್, ಎಲ್ಲಿದೀರಿ? ಬದುಕಿದೀರಾ? ಇಲ್ಲಿ ಎಲ್ಲರೂ ಖುಷಿಯಾಗಿದಾರೆ, ನಿಮ್ಮ ಗೋಡೆ ಮುಂದೆ ನಿಂತು ಫೋಟೋ ತೆಗೆಸ್ಕೊಂಡ್ರು. ಒಂದೇ ಒಂದು ಬೇಡಿಕೆ. ಹಳ್ಳೀಲಿ ಪಾಠ ಮಾಡಿ ಬಂದಿರೋರು ಒಬ್ಬರನ್ನಾದ್ರೂ ರಾತ್ರಿ ಊಟಕ್ಕೆ ಕರೀರಿ, ಅವರ ಬಾಯಿಂದಲೇ ಕೇಳ್ಬೇಕು ಅಂತಾರೆ. ಆ ಮಿಸ್ ಫಾನ್ ವೇಕ್‌ನ ಕರೀಲಾ? ಒಳ್ಳೇ ಹುಡುಗಿ, ನಗ್‌ನಗ್ತಾ ಮಾತಾಡ್ತಾಳೆ."

"ಹೂಂ, ಅವಳನ್ನೇ..." ಎಂದಳು ಜೂಕಿಸ್ವಾ ಬೇಗ.

"ನಾನು ಬರ್ತೀನಿ," ಎಂದ ಸನೆಲೆ.

ಗ್ವಾಡಿಸೊ ಟೋಪಿಯ ಒಳಗೆ ಏನೋ ಬರೆದಿದೆ ಎಂಬಂತೆ ಅದನ್ನು ತಿರುಗಿಸಿ ನೋಡತೊಡಗಿದ.

"ಅದ್ಯಾರು ಪ್ರೊಫ್? ಯಾರದು ದನಿ?" ಎಂದಳು ಮಿಸೆಸ್ ಫೆಬ್ರುವರಿ.

ಹೇಳಬೇಕಾದದ್ದು ಒಂದೇ ಮಾತು. ಇಲ್ಲಿ ದೊಡ್ಡಿಯಿಲ್ಲ, ಮುದುಕನಿಲ್ಲ, ಕೋಲಿಲ್ಲ, ಕೇಳುತ್ತಿರುವವಳು ಬಟ್ಟಲು ಒರೆಸುವ ಫೆಬ್ರುವರಿ. ಜೂಕಿಸ್ವಾ ತುಟಿ ಒದ್ದೆ ಮಾಡಿಕೊಂಡಳು. ಎದುರಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿದಳು. ಒಂದು ಲಾರಿ ಹಾದು ಹೋಯಿತು, ಅದು ಹೋಗಲಿ ಎಂದು ಕಾದಳು. ಲಾರಿ ಹೋದ ಮೇಲೆ ಇನ್ನೊಂದು ಬರಬಾರದೇ ಎಂದು ಕಾದಳು.

"ಗುಮೆಡೆ, ಮೇಡಂ," ಎಂದ ಹಿಂದಿನಿಂದ, ಅವಳಿಗಾಗಿ ಕಾಯುವುದನ್ನು ಬಿಟ್ಟು. "ಗಣಿತದ ಮೇಷ್ಟ್ರು. ಎಷ್ಟು ಹೊತ್ತಿಗೆ ಬರ್ಬೇಕು?"

"ಅಯ್ಯೋ ನೀನಾ! ಸರಿ ಸರಿ, ಏಳಕ್ಕೆ ಬನ್ನಿ ಮೇಷ್ಟ್ರೇ. ಏನು ತಿಂತೀರಿ, ಬರ್ಕೋಬೇಕು. ಕೋಳಿನಾ, ಕುರಿನಾ?"

"ಕುರಿ ಮೇಡಂ. ಕೋಳಿ ಬೇಡ, ಪರಿಚಯ ಆಗ್ಬಿಟ್ಟಿದೆ."

ಫೆಬ್ರುವರಿ ಗಹಗಹಿಸಿ ನಕ್ಕಳು. ಗ್ವಾಡಿಸೊ ನಕ್ಕು, ನಗಬಹುದೇ ಎಂದು ಜೂಕಿಸ್ವಾಳ ಕಡೆ ನೋಡಿದ. ಅವಳು ಕನ್ನಡಿ ನೋಡಿದಳು. ಅವನು ಅವಳತ್ತ ನೋಡುತ್ತಿರಲಿಲ್ಲ; ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತ, ಒಂದು ಕೈಯಲ್ಲಿ ಕೋಳಿ ಹಿಡಿದು, ಇನ್ನೊಂದು ಕೈಯಿಂದ ಹೆಗಲ ಮೇಲಿನ ಹಿಟ್ಟನ್ನು ನಿಧಾನಕ್ಕೆ ಕೊಡವಿಕೊಳ್ಳುತ್ತಿದ್ದ, ತುಟಿಗಳು ಮೆಲ್ಲಗೆ ಅಲ್ಲಾಡುತ್ತಿದ್ದವು. ನಾಳಿನ ಪಾಠವನ್ನು ಇವತ್ತೇ ಮನಸ್ಸಿನಲ್ಲಿ ಹೇಳಿ ನೋಡಿಕೊಳ್ಳಬೇಕು ಎಂದು ಅವರಿಗೆಲ್ಲ ಕಲಿಸಿದ್ದು ಅವಳೇ. ಪಟ್ಟಣದ ಮೊದಲ ಮನೆಗಳು ಕಾಣಿಸಿದವು. ಜೂಕಿಸ್ವಾ ಕಾರಿನ ವೇಗ ತಗ್ಗಿಸಿದಳು, ಇನ್ನಷ್ಟು ತಗ್ಗಿಸಿದಳು, ಹಿಂದಿನಿಂದ ಬಂದವರು ಹಾರ್ನ್ ಹೊಡೆದು ಬೈದು ದಾಟಿ ಹೋಗುವಷ್ಟು.